ಡಿಜಿಟಲ್ ಇತಿಹಾಸ ಯೋಜನೆಯನ್ನು ಕಟ್ಟುವ ಕ್ರಮ: ಮೊದಲು ಪ್ರಶ್ನೆ, ಕೊನೆಗೆ ಜಾಲತಾಣ

ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಕೈಗೆತ್ತಿಕೊಳ್ಳುವ ಡಿಜಿಟಲ್ ಯೋಜನೆಗಳು ಅರ್ಧಕ್ಕೆ ನಿಂತಾಗ ಅದರ ಹಿಂದೆ ಸಾಮಾನ್ಯವಾಗಿ ಒಂದೇ ತಪ್ಪು ಕಾಣಸಿಗುತ್ತದೆ. ಜಾಲತಾಣದ ಮುಖಪುಟ, ಲಾಂಛನ, ಬಣ್ಣ ಎಲ್ಲವೂ ಮೊದಲ ತಿಂಗಳಲ್ಲೇ ಸಿದ್ಧವಾಗಿರುತ್ತವೆ. ಅದರೊಳಗೆ ಇಡಬೇಕಾದ ದಾಖಲೆಗಳ ಪಟ್ಟಿ ಮಾತ್ರ ಮೂವರ ಲ್ಯಾಪ್‌ಟಾಪ್‌ಗಳಲ್ಲಿ ಮೂರು ಬಗೆಯಲ್ಲಿ ಬಿದ್ದಿರುತ್ತದೆ. ಆ ಮೂರನ್ನು ಒಂದು ಮಾಡಲು ಹೊರಟಾಗ ಯೋಜನೆಯ ಅವಧಿ ಮುಗಿದಿರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಎಂಟನೆಯ ಹಂತದ ವರೆಗೆ ಜಾಲತಾಣದ ಮಾತೇ ಬರುವುದಿಲ್ಲ, ಅದು ಮರೆವಿನಿಂದ ಆದದ್ದಲ್ಲ.

## ಮೊದಲೇ ಕೈಯಲ್ಲಿರಬೇಕಾದದ್ದು

ಕ್ಯಾಮೆರಾ ಅಥವಾ ಫ್ಲಾಟ್‌ಬೆಡ್ ಸ್ಕ್ಯಾನರ್, ಕ್ಯಾಮೆರಾ ಅಲುಗಾಡದಂತೆ ನೇರ ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡ್, ಎರಡೂ ಬದಿಯಿಂದ ಸಮನಾಗಿ ಬೀಳುವ ಬೆಳಕು, ಒಂದು ಅಳತೆಪಟ್ಟಿ, ಚಿತ್ರದ ಬಣ್ಣ ತಾಳೆನೋಡಲು ಒಂದು ಬಣ್ಣದ ಪಟ್ಟಿ, ಎರಡು ಹೊರ ಹಾರ್ಡ್‌ಡಿಸ್ಕ್‌ಗಳು. ತಂತ್ರಾಂಶಗಳಲ್ಲಿ ಚಿತ್ರಗಳನ್ನು ದಾಖಲೆವಾರು ಜೋಡಿಸಲು ಟ್ರೋಪಿ, ಗ್ರಂಥಋಣ ಕೂಡಿಡಲು ಝೊಟೆರೊ, ಪಟ್ಟಿಗೆ ಯಾವುದಾದರೂ ಸ್ಪ್ರೆಡ್‌ಶೀಟ್, ಅದನ್ನು ಶುಚಿಗೊಳಿಸಲು ಓಪನ್‌ರಿಫೈನ್ ಸಾಕು. ಟ್ರೋಪಿ ಮತ್ತು ಝೊಟೆರೊ ಎರಡೂ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರ ಕೇಂದ್ರದಲ್ಲಿ ಹುಟ್ಟಿದವು, ಎರಡೂ ಉಚಿತ.

ಸಲಕರಣೆಗಿಂತ ಮುಖ್ಯವಾದದ್ದು ಜವಾಬ್ದಾರಿಯ ಹಂಚಿಕೆ. ಪಟ್ಟಿಯಲ್ಲಿ ಏನು ಬರೆಯಬೇಕೆಂಬ ಕೊನೆಯ ಮಾತು ಒಬ್ಬರದೇ ಆಗಿರಬೇಕು. ಎಲ್ಲರೂ ತಿದ್ದಬಹುದಾದ ಪಟ್ಟಿಯಲ್ಲಿ ತಪ್ಪಿಗೆ ಯಾರೂ ಹೊಣೆಯಾಗುವುದಿಲ್ಲ.

## ಹಂತ 1: ಪ್ರಶ್ನೆಯನ್ನೂ ಎಲ್ಲೆಯನ್ನೂ ಬರೆದಿಡುವುದು

‘ಹಳೆಯ ಪತ್ರಗಳನ್ನು ಡಿಜಿಟಲ್ ಮಾಡುವುದು’ ಒಂದು ಕೆಲಸವೇ ಹೊರತು ಪ್ರಶ್ನೆಯಲ್ಲ. ಯಾವ ಕಾಲದ, ಯಾರ, ಯಾವ ಪ್ರದೇಶದ ದಾಖಲೆಗಳನ್ನು ಒಟ್ಟಿಗೆ ಇಟ್ಟರೆ ಪುಸ್ತಕದಲ್ಲಿ ಕಾಣದ ಯಾವ ಸಂಬಂಧ ಕಾಣುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆಯಬೇಕು. ಏನನ್ನು ಸೇರಿಸುವುದಿಲ್ಲ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು, ಏಕೆಂದರೆ ಮುಂದೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ‘ಇದನ್ನೂ ಸೇರಿಸೋಣ’ ಎನ್ನುವಾಗ ತೋರಿಸಲು ಅದೊಂದೇ ಆಧಾರ.

ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಶುರುವಾದ ‘ವ್ಯಾಲಿ ಆಫ್ ದ ಶ್ಯಾಡೋ’ ಯೋಜನೆಯನ್ನು ಎಲ್ಲೆಯ ದೃಷ್ಟಿಯಿಂದ ನೋಡಬೇಕು. ಅದರ ವಸ್ತು ಅಮೆರಿಕದ ಅಂತರ್ಯುದ್ಧದಷ್ಟು ದೊಡ್ಡದು. ಆದರೆ ಅದು ಆರಿಸಿಕೊಂಡದ್ದು ಎರಡೇ ಕೌಂಟಿಗಳನ್ನು, ದಕ್ಷಿಣದ ಪಕ್ಷದಲ್ಲಿದ್ದ ವರ್ಜೀನಿಯಾದ ಆಗಸ್ಟಾ ಮತ್ತು ಉತ್ತರದ ಪಕ್ಷದಲ್ಲಿದ್ದ ಪೆನ್ಸಿಲ್ವೇನಿಯಾದ ಫ್ರಾಂಕ್ಲಿನ್. ಎರಡು ಕಡೆಯ ಪತ್ರಗಳು, ದಿನಚರಿಗಳು, ಪತ್ರಿಕೆಗಳು, ಜನಗಣತಿಯ ವಿವರಗಳು ಎದುರುಬದುರು ಕುಳಿತದ್ದರಿಂದಲೇ ಹೋಲಿಕೆ ಸಾಧ್ಯವಾಯಿತು.

ಎಚ್ಚರಿಕೆಯ ಸೂಚನೆ: ಯೋಜನೆಯ ವಿವರಣೆಯಲ್ಲಿ ‘ಸಮಗ್ರ’ ಎಂಬ ಪದ ಬಂದಿದ್ದರೆ ಎಲ್ಲೆ ಇನ್ನೂ ಬಿದ್ದಿಲ್ಲ.

## ಹಂತ 2: ಹಕ್ಕು ಮತ್ತು ಅನುಮತಿ

ಹಾಳೆ ಯಾರ ಬಳಿ ಇದೆ ಎಂಬುದು ಬೇರೆ, ಅದರಲ್ಲಿ ಬರೆದದ್ದನ್ನು ಪ್ರಕಟಿಸುವ ಹಕ್ಕು ಯಾರದು ಎಂಬುದು ಬೇರೆ. ಪತ್ರಗಳ ಕಂತೆಯನ್ನು ಪ್ರೀತಿಯಿಂದ ಕೊಟ್ಟ ಕುಟುಂಬದವರಿಗೆ ಆ ಪತ್ರಗಳನ್ನು ಬರೆದವರ ಹಕ್ಕುಸ್ವಾಮ್ಯ ಇಲ್ಲದಿರಬಹುದು. ಪತ್ರಾಗಾರದಲ್ಲಿ ಓದಲು ಸಿಕ್ಕ ಅನುಮತಿಯೂ ಜಾಲದಲ್ಲಿ ಹಾಕುವ ಅನುಮತಿಯಲ್ಲ. ಪ್ರತಿಯೊಂದು ಸಂಗ್ರಹಕ್ಕೂ ಲಿಖಿತ ಅನುಮತಿ ಪಡೆಯಬೇಕು. ಅದರಲ್ಲಿ ಚಿತ್ರ, ಟೈಪ್ ಮಾಡಿದ ಪಠ್ಯ, ಅನುವಾದ, ಇತರರ ಮರುಬಳಕೆ ಈ ನಾಲ್ಕೂ ಬೇರೆ ಬೇರೆಯಾಗಿ ನಮೂದಾಗಿರಬೇಕು. ಮೌಖಿಕ ಇತಿಹಾಸದ ಸಂದರ್ಶನವಾದರೆ ಧ್ವನಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಅವಕಾಶವನ್ನೂ ಸೇರಿಸುವುದು ಒಳ್ಳೆಯದು.

ಬದುಕಿರುವವರ ಕಾಯಿಲೆ, ಸಾಲ, ಜಗಳ, ಮೊಕದ್ದಮೆಗಳ ವಿವರ ಇರುವ ದಾಖಲೆಗಳನ್ನು ಮೊದಲೇ ಪ್ರತ್ಯೇಕಿಸಿ ಇಡಬೇಕು. ಪತ್ರಾಗಾರದ ಕಪಾಟಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಹೆಸರು ಜಾಲಕ್ಕೆ ಬಂದ ಮೇಲೆ ಹುಡುಕಿದ ಕೂಡಲೇ ಸಿಗುತ್ತದೆ ಎಂಬುದು ಇತಿಹಾಸಕಾರರಿಗೆ ಅಭ್ಯಾಸವಿಲ್ಲದ ಸಂಗತಿ.

## ಹಂತ 3: ಇಪ್ಪತ್ತು ದಾಖಲೆಗಳ ಪ್ರಯೋಗ

ಇಡೀ ಸಂಗ್ರಹಕ್ಕೆ ಕೈಹಾಕುವ ಮೊದಲು ಇಪ್ಪತ್ತು ದಾಖಲೆಗಳನ್ನು ಆರಿಸಿ, ಅವನ್ನು ಚಿತ್ರ ತೆಗೆಯುವುದರಿಂದ ಹಿಡಿದು ಪಟ್ಟಿಯಲ್ಲಿ ಕೊನೆಯ ಕಾಲಂ ತುಂಬುವವರೆಗೆ ಪೂರ್ತಿ ಮುಗಿಸಬೇಕು. ಎಲ್ಲರೂ ಎಡವುವುದು ಆಯ್ಕೆಯಲ್ಲಿ: ಚೊಕ್ಕಟವಾದ, ದಿನಾಂಕ ಇರುವ, ಅಕ್ಷರ ಓದಲು ಬರುವ ಇಪ್ಪತ್ತನ್ನು ತೆಗೆದುಕೊಳ್ಳುತ್ತಾರೆ. ಅರ್ಧದಷ್ಟಾದರೂ ಕೈಕೊಡುವಂಥವೇ ಇರಬೇಕು. ಹರಿದದ್ದು, ದಿನಾಂಕವಿಲ್ಲದ್ದು, ಎರಡು ಭಾಷೆಯಲ್ಲಿರುವುದು, ಒಂದೇ ಹಾಳೆಯಲ್ಲಿ ಮೂವರ ಕೈಬರಹ ಇರುವುದು ಎಲ್ಲವೂ ಬರಲಿ.

ಪ್ರತಿ ದಾಖಲೆಗೆ ಹಿಡಿದ ಸಮಯವನ್ನು ಬರೆದಿಡಬೇಕು. ಸರಾಸರಿ 25 ನಿಮಿಷ ಹಿಡಿಯಿತು, ಸಂಗ್ರಹದಲ್ಲಿ 3,000 ದಾಖಲೆಗಳಿವೆ ಎಂದುಕೊಳ್ಳಿ. ಒಟ್ಟು 1,250 ಗಂಟೆಗಳ ಕೆಲಸ. ವಾರಕ್ಕೆ 15 ಗಂಟೆ ದುಡಿಯುವ ಒಬ್ಬ ಸಹಾಯಕರಿಗೆ ಅದು 83 ವಾರ, ಅಂದರೆ ಒಂದೂವರೆ ವರ್ಷಕ್ಕೂ ಮೇಲೆ. ಈ ಲೆಕ್ಕ ನೋಡಿದ ಮೇಲೆ ಬಹುತೇಕ ತಂಡಗಳು ಹಂತ 1ಕ್ಕೆ ಹಿಂದಿರುಗಿ ಎಲ್ಲೆಯನ್ನು ಕಿರಿದು ಮಾಡಿಕೊಳ್ಳುತ್ತವೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

## ಹಂತ 4: ಚಿತ್ರ ತೆಗೆಯುವುದು ಮತ್ತು ಹೆಸರಿಡುವುದು

ಪ್ರತಿ ಕಂತೆಯ ಮೊದಲ ಚಿತ್ರ ಅದರ ಹೊದಿಕೆಯದಾಗಿರಬೇಕು, ಪತ್ರಾಗಾರದಲ್ಲಿ ಕಂತೆಯನ್ನು ಕೇಳಿ ಪಡೆಯುವ ಕರೆಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ. ಇದನ್ನು ನಾನು ಬರೆಯುತ್ತಿರುವುದು ಕೆಟ್ಟ ಅನುಭವದಿಂದ: ಒಮ್ಮೆ ಮೂರು ದಿನ ಕುಳಿತು ಆರು ಕಂತೆಗಳ ಚಿತ್ರ ತೆಗೆದೆ, ಯಾವ ಹೊದಿಕೆಯ ಚಿತ್ರವನ್ನೂ ತೆಗೆಯಲಿಲ್ಲ; ಮನೆಗೆ ಬಂದು ನೋಡಿದರೆ ಒಂದು ಕಂತೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದೇ ತಿಳಿಯಲಿಲ್ಲ. ಖಾಲಿ ಹಿಂಬದಿಯನ್ನೂ ಬಿಡಬಾರದು. ವಿಳಾಸ, ಮುದ್ರೆ, ತಲುಪಿದ ದಿನಾಂಕ ಇವೆಲ್ಲ ಹಾಳೆಯ ಹಿಂಬದಿಯಲ್ಲೇ ಇರುತ್ತವೆ, ಮತ್ತು ಚಿತ್ರದಲ್ಲಿ ಹಿಂಬದಿ ಇಲ್ಲದಿದ್ದರೆ ಅದು ಖಾಲಿಯಿತ್ತೋ ಬಿಟ್ಟುಹೋಯಿತೋ ಎಂದು ಆಮೇಲೆ ಹೇಳಲಾಗುವುದಿಲ್ಲ.

ಮೂಲ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಮುದ್ರಿತ ಪುಟಕ್ಕೆ ಸಾಕು. ಸಣ್ಣ ಅಕ್ಷರದ ಕೈಬರಹಕ್ಕೆ 400 ಅಥವಾ ಅದಕ್ಕಿಂತ ಹೆಚ್ಚು ಬೇಕು. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಇಟ್ಟು ಮುಟ್ಟದೆ ಬಿಡಬೇಕು. ಕತ್ತರಿಸುವುದು, ತಿರುಗಿಸುವುದು, ಬೆಳಗಿಸುವುದು ಎಲ್ಲವನ್ನೂ ಅದರಿಂದ ಮಾಡಿದ ಜೆಪೆಗ್ ಪ್ರತಿಯ ಮೇಲೆ ಮಾಡಬೇಕು.

ಕಡತದ ಹೆಸರಿನಲ್ಲಿ ಜಾಗ ಬಿಡಬಾರದು, ವಿಶೇಷ ಚಿಹ್ನೆಗಳು ಬೇಡ, ಅಂಕಿಗಳಿಗೆ ಮುಂದೆ ಸೊನ್ನೆ ಇರಲಿ. 1, 2, 10 ಎಂದು ಹೆಸರಿಟ್ಟರೆ ಎಷ್ಟೋ ತಂತ್ರಾಂಶಗಳು 1, 10, 2 ಎಂದು ಜೋಡಿಸುತ್ತವೆ. 0001, 0002, 0010 ಎಂದರೆ ಎಲ್ಲೆಡೆ ಸರಿಯಾಗಿ ನಿಲ್ಲುತ್ತದೆ. ಹೆಸರಿನಲ್ಲಿ ಅರ್ಥ ತುಂಬಲು ಹೋಗಬಾರದು. ಪತ್ರ ಬರೆದವರ ಹೆಸರನ್ನು ಕಡತಕ್ಕಿಟ್ಟು, ಆರು ತಿಂಗಳ ನಂತರ ಬರೆದವರು ಬೇರೆಯವರೆಂದು ತಿಳಿದರೆ ನೂರಾರು ಕಡತಗಳ ಹೆಸರು ಬದಲಿಸಬೇಕಾಗುತ್ತದೆ, ಪಟ್ಟಿಯೊಂದಿಗಿನ ಕೊಂಡಿಯೂ ಕಳಚುತ್ತದೆ. ಸಂಗ್ರಹದ ಸಂಕೇತ, ಕಂತೆಯ ಸಂಖ್ಯೆ, ಹಾಳೆಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ ಎಂಬ ಗುರುತು ಇಷ್ಟೇ ಇರಲಿ.

## ಹಂತ 5: ಪಟ್ಟಿ, ಅಂದರೆ ಮೆಟಾಡೇಟಾ

ಯೋಜನೆ ನಿಲ್ಲುವುದೂ ಬೀಳುವುದೂ ಇಲ್ಲೇ. ಒಂದು ದಾಖಲೆಗೆ ಒಂದು ಸಾಲು, ಒಂದು ಸಂಗತಿಗೆ ಒಂದು ಕಾಲಂ, ಒಂದು ಕೋಶದಲ್ಲಿ ಒಂದೇ ಮೌಲ್ಯ ಎಂಬ ನಿಯಮದಿಂದ ಆರಂಭಿಸಬೇಕು. ಕೋಶಗಳನ್ನು ಕೂಡಿಸುವುದು ಮತ್ತು ಬಣ್ಣ ಹಚ್ಚಿ ಅರ್ಥ ಸೂಚಿಸುವುದು ಎರಡೂ ನಿಷಿದ್ಧ. ಹಳದಿ ಎಂದರೆ ಅನುಮಾನ ಎಂಬುದು ಸಿಎಸ್‌ವಿ ಕಡತಕ್ಕೆ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಕಡತಕ್ಕೆ, ಹೋದೊಡನೆ ಅಳಿಸಿಹೋಗುತ್ತದೆ. ಕಾಲಂಗಳ ಹೆಸರನ್ನು ಹೊಸದಾಗಿ ಕಂಡುಹಿಡಿಯುವುದಕ್ಕಿಂತ ದಾಖಲೆಗಳನ್ನು ವಿವರಿಸುವ ಸರ್ವಮಾನ್ಯ ಮಾದರಿಯಾದ ಡಬ್ಲಿನ್ ಕೋರ್‌ನ 15 ಅಂಶಗಳಿಂದ ಶುರುಮಾಡುವುದು ಮೇಲು. ಶೀರ್ಷಿಕೆ, ಕರ್ತೃ, ದಿನಾಂಕ, ವಿಷಯ, ಮೂಲ, ಹಕ್ಕು ಮುಂತಾದವು ಅದರಲ್ಲಿವೆ, ಮತ್ತು ಮುಂದೆ ಬಳಸುವ ಹೆಚ್ಚಿನ ವೇದಿಕೆಗಳಿಗೆ ಅದು ಅರ್ಥವಾಗುತ್ತದೆ.

ದಿನಾಂಕದ ಕಾಲಂ ಅತಿ ಹೆಚ್ಚು ಕಾಡುತ್ತದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಂದು ಪತ್ರದ ಮೇಲೆ ‘10 ಫೆಬ್ರವರಿ 1731’ ಎಂದಿದೆ ಎಂದುಕೊಳ್ಳಿ. ಅದೇ ಕಂತೆಯ ಇನ್ನೊಂದು ಪತ್ರದ ಮೇಲೆ ‘5 ನವೆಂಬರ್ 1731’ ಎಂದಿದೆ. ಸಹಾಯಕರು ಎರಡನ್ನೂ ಹಾಗೆಯೇ ಟೈಪ್ ಮಾಡಿದರೆ ಕಂಪ್ಯೂಟರ್ ಫೆಬ್ರವರಿಯ ಪತ್ರವನ್ನು ಮೊದಲಿಡುತ್ತದೆ. ಆದರೆ 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಶಾಸನಬದ್ಧವಾಗಿ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಆ ರೂಢಿಯಲ್ಲಿ ಬರೆದ ಫೆಬ್ರವರಿ 1731 ನವೆಂಬರ್ 1731ರ ನಂತರ ಬರುತ್ತದೆ, ನಮ್ಮ ಎಣಿಕೆಯಲ್ಲಿ ಅದು 1732. ಜೊತೆಗೆ ಇಂಗ್ಲೆಂಡ್ ಆಗ ಬಳಸುತ್ತಿದ್ದ ಜೂಲಿಯನ್ ಪಂಚಾಂಗಕ್ಕೂ ನಾವು ಇಂದು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೂ 11 ದಿನಗಳ ಅಂತರವಿತ್ತು. ಈ ಪತ್ರದ ಇಂದಿನ ದಿನಾಂಕ 1732-02-21. ಇದನ್ನು ಗಮನಿಸದಿದ್ದರೆ ನಕ್ಷೆ, ಕಾಲರೇಖೆ, ಪತ್ರವ್ಯವಹಾರದ ಜಾಲ ಎಲ್ಲದರಲ್ಲೂ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತದೆ, ಮತ್ತು ಚಿತ್ರ ನೋಡಲು ಅಂದವಾಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಆದ್ದರಿಂದ ದಿನಾಂಕಕ್ಕೆ ಕನಿಷ್ಠ ಮೂರು ಕಾಲಂಗಳು ಬೇಕು: ದಾಖಲೆಯಲ್ಲಿ ಇದ್ದಂತೆ ಅಕ್ಷರಶಃ ಬರೆದದ್ದು, ವರ್ಷ-ತಿಂಗಳು-ದಿನ ಕ್ರಮದಲ್ಲಿ ಪರಿವರ್ತಿಸಿದ್ದು, ಪರಿವರ್ತನೆಗೆ ಆಧಾರವೇನೆಂಬ ಟಿಪ್ಪಣಿ. ಅಂದಾಜಾದರೆ ‘1732~’, ಅನುಮಾನವಿದ್ದರೆ ‘1732?’ ಎಂದು ಬರೆಯುವ ರೂಢಿ ಅಂತರರಾಷ್ಟ್ರೀಯ ಮಾನದಂಡದಲ್ಲೇ ಇದೆ. ಇನ್ನೊಂದು ಅಪಾಯ ಎಕ್ಸೆಲ್‌ನಿಂದ. ಅದರ ದಿನಾಂಕಗಳು 1900ರಿಂದ ಶುರುವಾಗುತ್ತವೆ. ಅದಕ್ಕಿಂತ ಹಿಂದಿನದೆಲ್ಲ ಅದಕ್ಕೆ ಬರೀ ಪಠ್ಯ, ಮತ್ತು ಪುಟಸಂಖ್ಯೆ ಎಂದು ‘3-4’ ಬರೆದರೆ ಅದನ್ನೇ ದಿನಾಂಕವೆಂದು ತಿಳಿದು ಬದಲಿಸಿಬಿಡುತ್ತದೆ. ಎಲ್ಲ ಕಾಲಂಗಳನ್ನೂ ಮೊದಲೇ ‘ಪಠ್ಯ’ ಎಂದು ಗುರುತು ಮಾಡಿಡಬೇಕು.

ಇದ್ದದ್ದನ್ನೂ ಊಹಿಸಿದ್ದನ್ನೂ ಬೇರೆ ಕಾಲಂಗಳಲ್ಲಿ ಇಡುವ ಶಿಸ್ತಿಗೆ ಉತ್ತಮ ಮಾದರಿ ಅಟ್ಲಾಂಟಿಕ್ ಗುಲಾಮ ವ್ಯಾಪಾರದ ದತ್ತಾಂಶಕೋಶವಾದ ‘ಸ್ಲೇವ್ ವಾಯೇಜಸ್’. ಅದು 36,000ಕ್ಕೂ ಹೆಚ್ಚು ಸಮುದ್ರಯಾನಗಳನ್ನು ಒಳಗೊಂಡಿದೆ. ಹಡಗು ಹೊರಟ ಬಂದರು, ಒಯ್ದ ಜನರ ಸಂಖ್ಯೆ ಮುಂತಾದವು ದಾಖಲೆಯಲ್ಲಿ ಸಿಕ್ಕಿದ್ದರೆ ಒಂದು ಕಾಲಂ, ಸಂಪಾದಕರು ಲೆಕ್ಕಹಾಕಿ ತುಂಬಿದ್ದರೆ ಇನ್ನೊಂದು ಕಾಲಂ. ಊಹೆಯನ್ನು ಒಪ್ಪದವರು ಮೂಲ ಅಂಕಿಗಳಿಗೆ ಹಿಂದಿರುಗಿ ತಮ್ಮದೇ ಲೆಕ್ಕ ಮಾಡಿಕೊಳ್ಳಬಹುದು.

ವ್ಯಕ್ತಿ ಮತ್ತು ಸ್ಥಳಗಳಿಗೆ ಪ್ರತ್ಯೇಕ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ದಾಖಲೆಗಳ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಬಳಸಬೇಕು. ಈ ಹಂತದ ತೀರ್ಮಾನಗಳನ್ನೆಲ್ಲ ಒಂದು ನಿಯಮಪುಸ್ತಿಕೆಯಲ್ಲಿ ದಿನಾಂಕ ಸಹಿತ ಬರೆಯುತ್ತ ಹೋಗಬೇಕು.

ಎಚ್ಚರಿಕೆಯ ಸೂಚನೆ: ‘ಇತರೆ’ ಎಂಬ ಕಾಲಂ ಉಳಿದವುಗಳಿಗಿಂತ ಬೇಗ ತುಂಬುತ್ತಿದ್ದರೆ ಪಟ್ಟಿಯ ರಚನೆಯೇ ತಪ್ಪಿದೆ.

## ಹಂತ 6: ಚಿತ್ರದಿಂದ ಪಠ್ಯ

ಎಲ್ಲ ಯೋಜನೆಗಳಿಗೂ ಪೂರ್ಣ ಪಠ್ಯ ಬೇಕಿಲ್ಲ. ಒಳ್ಳೆಯ ಪಟ್ಟಿಯೇ ಸಾಕಾಗುವ ಕಡೆ ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಬೇಕಾದಾಗ ಮುದ್ರಿತ ಪುಟಕ್ಕೆ ಟೆಸ್ಸರ್ಯಾಕ್ಟ್‌ನಂತಹ ಅಕ್ಷರ ಗುರುತಿಸುವ ತಂತ್ರಾಂಶ, ಕೈಬರಹಕ್ಕೆ ಟ್ರಾನ್ಸ್‌ಕ್ರಿಬಸ್‌ನಂತಹ, ಮಾದರಿ ಪುಟಗಳಿಂದ ಕಲಿಯುವ ತಂತ್ರಾಂಶ ಬಳಸುತ್ತಾರೆ.

ಶೇ. 98 ನಿಖರತೆ ಎಂಬ ಮಾತಿಗೆ ಮರುಳಾಗಬಾರದು. ಪುಟದಲ್ಲಿ 2,000 ಅಕ್ಷರಗಳಿದ್ದರೆ ಅಷ್ಟು ನಿಖರತೆಯಲ್ಲೂ 40 ತಪ್ಪುಗಳು ಉಳಿಯುತ್ತವೆ, ಮತ್ತು ಅವು ಹೆಚ್ಚಾಗಿ ಬೀಳುವುದು ನಾವು ಹುಡುಕುವ ಹೆಸರುಗಳ ಮೇಲೇ, ಏಕೆಂದರೆ ಹೆಸರುಗಳು ನಿಘಂಟಿನಲ್ಲಿರುವುದಿಲ್ಲ. ಲಂಡನ್ನಿನ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಗಳನ್ನು ಜಾಲಕ್ಕೆ ತಂದ ‘ಓಲ್ಡ್ ಬೇಲಿ ಆನ್‌ಲೈನ್’ ಯೋಜನೆಯವರು ಹಳೆಯ ಭಾಗಕ್ಕೆ ಯಂತ್ರವನ್ನು ನೆಚ್ಚಲಿಲ್ಲ. ಒಂದೇ ಪಠ್ಯವನ್ನು ಇಬ್ಬರು ಪ್ರತ್ಯೇಕವಾಗಿ ಟೈಪ್ ಮಾಡಿದರು; ಎರಡರ ನಡುವೆ ವ್ಯತ್ಯಾಸ ಕಂಡಲ್ಲಿ ಮಾತ್ರ ಮೂಲ ನೋಡಿ ತಿದ್ದಿದರು. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ ಎಂಬುದೇ ಈ ವಿಧಾನದ ಬಲ.

ಯಂತ್ರದ ಪಠ್ಯವನ್ನು ತಿದ್ದದೆ ಹಾಕುವುದಾದರೆ ಹಾಗೆಂದು ಪುಟದಲ್ಲೇ ಹೇಳಬೇಕು. ಇಲ್ಲದಿದ್ದರೆ ‘ಆ ಹೆಸರು ಈ ಸಂಗ್ರಹದಲ್ಲಿ ಇಲ್ಲವೇ ಇಲ್ಲ’ ಎಂದು ಯಾರಾದರೂ ಪ್ರಬಂಧ ಬರೆದುಬಿಡುತ್ತಾರೆ.

## ಹಂತ 7: ಪಟ್ಟಿಯನ್ನು ಶುಚಿಗೊಳಿಸುವುದು

ಓಪನ್‌ರಿಫೈನ್‌ನಲ್ಲಿ ಪಟ್ಟಿಯನ್ನು ತೆರೆಯುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದೇ ಇರಲಿ. ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಗಾಬರಿಯಾಗಿ ಉಳಿಸಬೇಡಿ; ಉಳಿಸಿದ ಕ್ಷಣವೇ ಆ ಕಸ ಶಾಶ್ವತವಾಗುತ್ತದೆ. ಮುಚ್ಚಿ, ‘ಡೇಟಾ’ ಮೆನುವಿನ ಮೂಲಕ ಸಂಕೇತವನ್ನು ಸೂಚಿಸಿ ಮತ್ತೆ ತೆರೆಯಬೇಕು.

ಕಾಲಂ ಅನ್ನು ನಕಲು ಮಾಡಿಕೊಂಡು ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಒಂದೇ ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು ಗುಂಪು ಮಾಡಿ ತೋರಿಸುವ ಸೌಲಭ್ಯ ಈ ತಂತ್ರಾಂಶದ ದೊಡ್ಡ ಅನುಕೂಲ, ದೊಡ್ಡ ಅಪಾಯವೂ ಹೌದು: ತಂದೆ ಮತ್ತು ಮಗ ಒಂದೇ ಹೆಸರಿನವರಾಗಿದ್ದರೆ ಒಂದೇ ಗುಂಡಿ ಒತ್ತಿ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿಬಿಡಬಹುದು. ‘ಎಲ್ಲವನ್ನೂ ಆರಿಸು’ ಎಂಬುದನ್ನು ಒತ್ತದೆ ಒಂದೊಂದೇ ಗುಂಪನ್ನು ಇತಿಹಾಸ ಬಲ್ಲವರು ನೋಡಬೇಕು. ಮಾಡಿದ ಬದಲಾವಣೆಗಳ ಸರಣಿಯನ್ನು ಅದೇ ತಂತ್ರಾಂಶದಿಂದ ಹೊರತೆಗೆದು ಪಟ್ಟಿಯ ಜೊತೆ ಇಡಬಹುದು, ಇಡಿ.

## ಹಂತ 8: ವೇದಿಕೆಯ ಆಯ್ಕೆ

ಈಗ ಜಾಲತಾಣ. ದಾಖಲೆಗಳ ಸಂಗ್ರಹ ಮತ್ತು ಪ್ರದರ್ಶನ ಉದ್ದೇಶವಾದರೆ ಓಮೆಕಾ ಎಂಬ ತಂತ್ರಾಂಶ ಹೊಂದುತ್ತದೆ. ಡಬ್ಲಿನ್ ಕೋರ್ ಅದರಲ್ಲಿ ಮೊದಲೇ ಇದೆ, ಸಿಎಸ್‌ವಿಯಿಂದ ನೇರವಾಗಿ ಏರಿಸಬಹುದು. ಆದರೆ ಅದಕ್ಕೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ದತ್ತಾಂಶಕೋಶ ಇರುವ ಸರ್ವರ್ ಬೇಕು, ಅದನ್ನು ವರ್ಷವರ್ಷವೂ ನವೀಕರಿಸುವ ವ್ಯಕ್ತಿ ಬೇಕು. ಅಂಥವರು ಇಲ್ಲದಿದ್ದರೆ ಸ್ಥಿರ ಪುಟಗಳ ತಾಣವೇ ಲೇಸು. ಕಲೆಕ್ಷನ್‌ಬಿಲ್ಡರ್ ಎಂಬ ಸಾಧನ ಒಂದು ಸಿಎಸ್‌ವಿ ಮತ್ತು ಚಿತ್ರಗಳ ಕೋಶದಿಂದ ಅಂತಹ ತಾಣವನ್ನು ಕಟ್ಟಿಕೊಡುತ್ತದೆ. ಹಿಂದೆ ದತ್ತಾಂಶಕೋಶ ಇಲ್ಲದಿರುವುದರಿಂದ ಕೆಡುವುದಕ್ಕೂ ಕಡಿಮೆ.

ನನ್ನ ಮಟ್ಟಿಗೆ, ನೋಡಿಕೊಳ್ಳುವವರಿಲ್ಲದ ವಿಭಾಗಕ್ಕೆ ಸ್ಥಿರ ತಾಣವನ್ನೇ ಹೇಳುತ್ತೇನೆ. ಮಿನುಗುವ ತಂತ್ರಜ್ಞಾನ ಎಷ್ಟು ದಿನ ಇರುತ್ತದೆಂಬುದಕ್ಕೆ ಜಾಲಪುಟಗಳಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್ ಸಾಕ್ಷಿ: 2020ರ ಡಿಸೆಂಬರ್ 31ಕ್ಕೆ ಅದಕ್ಕಿದ್ದ ಬೆಂಬಲ ನಿಂತಿತು, ಅದರಲ್ಲಿ ಮಾಡಿದ ಐತಿಹಾಸಿಕ ನಕ್ಷೆಗಳು ಬ್ರೌಸರ್‌ಗಳಲ್ಲಿ ತೆರೆಯದಾದವು.

## ಹಂತ 9: ನಕ್ಷೆ, ಅಗತ್ಯವಿದ್ದರೆ ಮಾತ್ರ

ಹಳೆಯ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ಭೂಮಿಗೆ ಕೂರಿಸಲು ಎರಡರಲ್ಲೂ ಗುರುತಿಸಬಹುದಾದ ಬಿಂದುಗಳು ಬೇಕು. ಸರಳ ಪರಿವರ್ತನೆಗೆ ಲೆಕ್ಕದಲ್ಲಿ ಮೂರು ಬಿಂದು ಸಾಕು, ನಕ್ಷೆಯನ್ನು ಬಾಗಿಸಿ ಕೂರಿಸುವ ಎರಡನೆಯ ದರ್ಜೆಯದಕ್ಕೆ ಆರು. ಆದರೆ ಕನಿಷ್ಠ ಸಂಖ್ಯೆಯಲ್ಲೇ ನಿಲ್ಲಿಸಿದರೆ ದೋಷ ಸೊನ್ನೆ ಎಂದು ತೋರುತ್ತದೆ, ತಪ್ಪು ಎಲ್ಲಿದೆಯೆಂದು ತಿಳಿಯುವುದೇ ಇಲ್ಲ. ಹತ್ತು ಹನ್ನೆರಡು ಬಿಂದುಗಳನ್ನು ನಾಲ್ಕೂ ಮೂಲೆಗೆ ಹರಡಿ ಇಡಬೇಕು. ನದಿಯ ತಿರುವು ಬೇಡ, ನದಿ ಜಾಗ ಬದಲಿಸುತ್ತದೆ. ಹಳೆಯ ಕಟ್ಟಡ, ಸೇತುವೆ, ರಸ್ತೆಗಳ ಕೂಡು ನಂಬಿಕಸ್ಥ.

‘ಎಲ್ಲಿ’ ಎಂದು ಖಚಿತವಾಗಿ ಗೊತ್ತಿಲ್ಲದ ದಾಖಲೆಗೆ ಪ್ರಾಂತ್ಯದ ಮಧ್ಯದಲ್ಲಿ ಚುಕ್ಕೆ ಇಟ್ಟರೆ ನೋಡುವವರು ಅದನ್ನು ಊರೆಂದೇ ಓದುತ್ತಾರೆ. ಖಚಿತತೆಯ ಮಟ್ಟಕ್ಕೆ ಒಂದು ಕಾಲಂ ಇಟ್ಟು, ಗೊತ್ತಿಲ್ಲದ್ದನ್ನು ನಕ್ಷೆಯಿಂದ ಹೊರಗಿಡಬೇಕು.

## ಹಂತ 10: ಪರೀಕ್ಷೆ ಮತ್ತು ಪ್ರಕಟಣೆ

ಯೋಜನೆಗೆ ಸಂಬಂಧವಿಲ್ಲದ ಐವರನ್ನು ಕರೆದು, ಒಂದೊಂದು ಪ್ರಶ್ನೆ ಕೊಟ್ಟು, ಪಕ್ಕದಲ್ಲಿ ಬಾಯಿಮುಚ್ಚಿ ಕುಳಿತುಕೊಳ್ಳಬೇಕು. ‘ಅಲ್ಲಿ ಒತ್ತಿ’ ಎಂದು ಹೇಳಬೇಕೆನಿಸಿದ ಪ್ರತಿ ಜಾಗವೂ ತಿದ್ದಬೇಕಾದ ಜಾಗ. ಕಡಿಮೆ ವೇಗದ ಸಂಪರ್ಕದಲ್ಲಿ, ಫೋನಿನಲ್ಲಿ, ಕೀಲಿಮಣೆ ಮಾತ್ರ ಬಳಸಿ ತೆರೆದು ನೋಡಬೇಕು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ತಿಳಿಯುವ ವಿವರಣೆ ಚಿತ್ರಗಳಿಗೆ ಇರಬೇಕು.

ಪ್ರತಿ ದಾಖಲೆಗೂ ಬದಲಾಗದ ವಿಳಾಸ, ಉಲ್ಲೇಖಿಸಬೇಕಾದ ರೀತಿ, ಮೂಲ ಎಲ್ಲಿದೆ ಎಂಬ ಮಾಹಿತಿ, ಹಕ್ಕಿನ ಸ್ಥಿತಿ ಕಾಣಬೇಕು. ಹಕ್ಕಿಗೆ ಸಿದ್ಧ ಮಾತುಗಳನ್ನು ರೈಟ್ಸ್‌ಸ್ಟೇಟ್‌ಮೆಂಟ್ಸ್ ಎಂಬ ತಾಣ ಒದಗಿಸಿರುವ 12 ಹೇಳಿಕೆಗಳಿಂದ ಆರಿಸಬಹುದು. ‘ಈ ತಾಣದ ಬಗ್ಗೆ’ ಪುಟದಲ್ಲಿ ಚಿತ್ರ ತೆಗೆದ, ಟೈಪ್ ಮಾಡಿದ ವಿದ್ಯಾರ್ಥಿಗಳ ಹೆಸರು, ಅವರ ಒಪ್ಪಿಗೆ ಪಡೆದು, ಪ್ರಾಧ್ಯಾಪಕರ ಹೆಸರಿನಷ್ಟೇ ಸ್ಪಷ್ಟವಾಗಿರಲಿ. ಇದು ಬಿಟ್ಟುಹೋಗುವುದನ್ನು ಕಂಡು ಕಂಡು ಸಾಕಾಗಿದೆ.

## ಹಂತ 11: ಉಳಿಸುವುದು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಮೊತ್ತ, ಅಂದರೆ ಕಡತದ ಒಳವಿಷಯದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಕೇತ, ತೆಗೆದು ಪಟ್ಟಿಯಲ್ಲಿಟ್ಟರೆ ಕಡತ ಒಂದು ಬಿಟ್‌ನಷ್ಟು ಬದಲಾದರೂ ಗೊತ್ತಾಗುತ್ತದೆ. ತಾಣದಿಂದ ಪ್ರತ್ಯೇಕವಾಗಿ ಸಿಎಸ್‌ವಿ ಪಟ್ಟಿ, ನಿಯಮಪುಸ್ತಿಕೆ, ಬದಲಾವಣೆಗಳ ಸರಣಿ ಮೂರನ್ನೂ ವಿಶ್ವವಿದ್ಯಾಲಯದ ಭಂಡಾರದಲ್ಲಿ ಅಥವಾ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ ನಡೆಸುವ ಝೆನೋಡೊ ಎಂಬ ಜಾಲಭಂಡಾರದಲ್ಲಿ ಇಟ್ಟು ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಪಡೆಯಬೇಕು. ತಾಣ ಬಿದ್ದುಹೋದರೂ ಆ ಸಂಖ್ಯೆಯಿಂದ ಪಟ್ಟಿ ಸಿಗುತ್ತದೆ. ತಾಣದ ಮುಖ್ಯ ಪುಟಗಳನ್ನು ಹಳೆಯ ಜಾಲಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷಿನ್‌ಗೆ ನೀವೇ ಸೇರಿಸಬೇಕು. ಅದು ತಾನಾಗಿ ಒಳಪುಟಗಳನ್ನೆಲ್ಲ ತೆಗೆದಿಡುತ್ತದೆಂದು ನೆಚ್ಚಬಾರದು.

ಡೊಮೇನ್ ಹೆಸರು ಯಾರ ಖಾತೆಯಲ್ಲಿದೆ, ಯಾವ ತಾರೀಖಿಗೆ ನವೀಕರಿಸಬೇಕು, ಗುಪ್ತಪದಗಳು ಎಲ್ಲಿವೆ, ಮುಖ್ಯಸ್ಥರು ನಿವೃತ್ತರಾದರೆ ಯಾರಿಗೆ ಹಸ್ತಾಂತರ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವಿಭಾಗದ ಕಚೇರಿಯಲ್ಲೂ ಗ್ರಂಥಾಲಯದಲ್ಲೂ ಇಡಬೇಕು. ಸಂಶೋಧಕರೊಬ್ಬರ ಸ್ವಂತ ಮಿಂಚಂಚೆಯಲ್ಲಿ ನೋಂದಾಯಿಸಿದ ಡೊಮೇನ್‌ಗೆ ನವೀಕರಣದ ಸೂಚನೆ ಬರುವುದು ಆ ಒಂದೇ ಅಂಚೆಪೆಟ್ಟಿಗೆಗೆ. ಅವರು ಬೇರೆ ಊರಿಗೆ ಹೋಗಿರುತ್ತಾರೆ. ವರ್ಷಕ್ಕೊಮ್ಮೆ, ಒಂದು ನಿಶ್ಚಿತ ದಿನ, ಕೊಂಡಿಗಳನ್ನು ಪರೀಕ್ಷಿಸಿ, ಹಾರ್ಡ್‌ಡಿಸ್ಕ್‌ನಿಂದ ಹತ್ತು ಚಿತ್ರಗಳನ್ನು ತೆರೆದು ನೋಡಿ, ಮೊತ್ತಗಳನ್ನು ತಾಳೆಹಾಕಿ, ಅದೇ ಹಾಳೆಯ ಕೆಳಗೆ ದಿನಾಂಕ ಬರೆದು ಸಹಿ ಹಾಕಬೇಕು.